ಯಾವ ಕಡೆಗೆ?

ನಮ್ಮ ಸಂತೇಬೆನ್ನೂರಿಗೆ ಬಂದವರೆಲ್ಲ ಪುಷ್ಕರಿಣಿಯ ಚೆಲುವನ್ನು ಹೊಗಳುತ್ತಾರೆ. 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಂತಪ್ಪ ನಾಯಕ ಕಟ್ಟಿಸಿದ್ದು. ಸುತ್ತ ಕಲ್ಲಿನ ಮೆಟ್ಟಿಲು, ನೀರಿನ ನಡುವೆ ವಸಂತ ಮಂಟಪ; ಪಕ್ಕದಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾಖಾನನ ಕಾಲದ ಮುಸಾಫಿರ್‌ಖಾನೆ. ಇದೇ ಕೊಳ ಗಣಿತದ ಪಾಠಶಾಲೆಯೂ ಆಯಿತೆಂದರೆ ನೀವು ನಕ್ಕೀರಿ.

ತಂಗಿಯ ಮಗಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡಿದ್ದಳು. ‘ಸದಿಶ’ಗಳ ಪಾಠ ಬಂದಾಗ ಪುಸ್ತಕ ಮುಚ್ಚಿಟ್ಟು, “ದೊಡ್ಡಮ್ಮ, ನಾನು ಆರ್ಟ್ಸಿಗೆ ಹೋಗ್ತೀನಿ” ಅಂದಳು. “ಹೆಣ್ಣುಹುಡುಗಿಗೆ ಯಾಕೆ ಬೇಕು ಈ ಲೆಕ್ಕ?” ಎಂದು ಮನೆಯ ಹಿರಿಯರು ಆಗಲೇ ರಾಗ ಎಳೆದಿದ್ದರು. ಅವರ ಮಾತೇ ಗೆಲ್ಲುವುದು ನನಗೆ ಬೇಕಿರಲಿಲ್ಲ. ಹುಡುಗಿಯನ್ನು ಪುಷ್ಕರಿಣಿಗೆ ಕರೆದೊಯ್ದೆ.

“50 ಹೆಜ್ಜೆ ನಡಿ” ಅಂದೆ.

“ಯಾವ ಕಡೆಗೆ?”

ವಿಷಯವೇ ಅದು! ಬರೀ 50 ಎಂದರೆ ಅದಿಶ, ವಯಸ್ಸು ಹೇಳಿದ ಹಾಗೆ. ದಿಕ್ಕೂ ಸೇರಿದರೆ ಸದಿಶ. ದಂಡೆಯ ಮೇಲೆ ಪೂರ್ವದ ಮೂಲೆಗೆ 30 ಹೆಜ್ಜೆ, ಅಲ್ಲಿಂದ ಉತ್ತರಕ್ಕೆ 40 ಹೆಜ್ಜೆ ನಡೆದೆವು. ನಡೆದದ್ದು 70, ಆದರೆ ಹೊರಟ ಜಾಗಕ್ಕೆ ನೀರಿನ ಮೇಲೆ ನೇರ ಗೆರೆ ಎಳೆದರೆ 50. 900ಕ್ಕೆ 1600 ಕೂಡಿಸಿ ವರ್ಗಮೂಲ ತೆಗೆದರೆ ಸಿಕ್ಕಿತು. ಇನ್ನು ಎರಡನ್ನೂ 50ರಿಂದ ಭಾಗಿಸಿ: ಪೂರ್ವಕ್ಕೆ 0.6, ಉತ್ತರಕ್ಕೆ 0.8. ಉದ್ದ ಒಂದೇ ಹೆಜ್ಜೆಗೆ ಇಳಿಯಿತು, ದಿಕ್ಕು ಕದಲಲಿಲ್ಲ. ಇದೇ ಏಕಮಾನ ಸದಿಶ.

“ಹಾಗಾದರೆ ಈ ಐ, ಜೆ, ಕೆ ಯಾರು ತಂದದ್ದು?” ಎಂದಳು.

ಅದಕ್ಕೂ ನೀರಿನ ದಡದ ಕಥೆಯೇ ಇದೆ. 1843ರ ಅಕ್ಟೋಬರ್ 16ರಂದು ಐರ್ಲೆಂಡಿನ ಹ್ಯಾಮಿಲ್ಟನ್ ಡಬ್ಲಿನ್ನಿನ ಕಾಲುವೆಯ ದಡದಲ್ಲಿ ಹೆಂಡತಿಯೊಡನೆ ಹೋಗುತ್ತಿದ್ದ. ವರ್ಷಗಳಿಂದ ಕಾಡಿದ ಲೆಕ್ಕ ತಟ್ಟನೆ ಹೊಳೆಯಿತು. ಚಾಕುವಿನಿಂದ ಸೇತುವೆಯ ಕಲ್ಲಿನ ಮೇಲೆ ಐ, ಜೆ, ಕೆಗಳ ಸೂತ್ರ ಕೊರೆದ. ‘ವೆಕ್ಟರ್’ ಎಂಬ ಹೆಸರನ್ನು ಗಣಿತದಲ್ಲಿ ಈ ಅರ್ಥಕ್ಕೆ ತಂದವನೂ ಅವನೇ. ಅಮೆರಿಕದ ಗಿಬ್ಸ್ 1880ರ ದಶಕದಲ್ಲಿ ಅದನ್ನು ಸರಳಗೊಳಿಸಿ ಇಂದಿನ ರೂಪಕ್ಕೆ ತಂದ. ಹ್ಯಾಮಿಲ್ಟನ್ 1865ರಲ್ಲಿ ಮಗನಿಗೆ ಬರೆದ ಪತ್ರದಲ್ಲಿ, ಅಂದು ನಿನ್ನ ತಾಯಿ ಆಗಾಗ ಮಾತಾಡುತ್ತಿದ್ದಳು, ನನ್ನ ಮನಸ್ಸಿನೊಳಗೆ ಬೇರೆಯೇ ಹರಿಯುತ್ತಿತ್ತು ಎಂಬರ್ಥದಲ್ಲಿ ಹೇಳಿಕೊಂಡಿದ್ದಾನೆ. ಗಂಡನ ಇಂಥ ಮೌನ ಯಾವ ಗೃಹಿಣಿಗೆ ಹೊಸದು, ಹೇಳಿ!

ನಮ್ಮ ಹುಡುಗಿ ವಿಜ್ಞಾನದಲ್ಲೇ ಉಳಿದಳು. “ಇನ್ನೂ ಎಷ್ಟು ದೂರ ಓದಿಸ್ತೀರಿ?” ಎಂದು ಹಿರಿಯರು ಈಗಲೂ ಕೇಳುತ್ತಾರೆ. ಯಾವ ಕಡೆಗೆ ಎಂದು ಮಾತ್ರ ಯಾರೂ ಕೇಳಿಲ್ಲ.