ಹೋರಿ ಜತೆ ಸೆಣಸಿದ ವೀರ, ಹಾಸ್ಟೆಲ್ ಕಸ ಗುಡಿಸಿದ ಮಾಸ್ತರ: ಕರಾಟೆ ಸಿನಿಮಾ ಹೇಳದ ಚರಿತ್ರೆ

ನಮ್ಮ ಕಡೆ ಕೈಕಾಲು ಬೀಸಿ ಹೊಡೆದಾಡಿದರೆ ಸಾಕು, ಅದು ಕರಾಟೆ. ಬ್ರೂಸ್ ಲೀ ಮಾಡಿದ್ದೂ ಕರಾಟೆ, ಶಂಕರ್‌ನಾಗ್ ಮಾಡಿದ್ದೂ ಕರಾಟೆ. ಆದರೆ ಬ್ರೂಸ್ ಲೀ ಕಲಿತದ್ದು ಚೀನಾದ ಕುಂಗ್ ಫೂ. ಶಂಕರ್‌ನಾಗ್ ರಂಗಭೂಮಿಯಿಂದ ಬಂದ ನಟ. ಗಿರೀಶ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' (1978) ಚಿತ್ರದಲ್ಲಿ ಕೂಲಿಗೆ ಕಾದಾಡುವ ಗಂಡುಗಲಿಯಾಗಿ ಹೆಸರು ಮಾಡಿದರು. 'ಕರಾಟೆ ಕಿಂಗ್' ಎಂಬುದು ಆಮೇಲೆ ಜನ ಪ್ರೀತಿಯಿಂದ ಕೊಟ್ಟ ಬಿರುದು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತದಲ್ಲಿ ಅವರು ತೀರಿಕೊಂಡರೂ ಆಟೋಗಳ ಮೇಲಿನ ಅವರ ಚಿತ್ರ ಮಾಸಿಲ್ಲ.

ಹಾಗಾದರೆ ನಿಜವಾದ ಕರಾಟೆ ಗುರುವಿನ ಬದುಕು ಸಿನಿಮಾ ಆಗಿದೆಯೇ? ಆಗಿದೆ. ಒಂದಲ್ಲ, ನಾಲ್ಕು ಸಲ, ಅದೂ ಒಬ್ಬರದ್ದೇ. ಅವರ ಹೆಸರು ಮಾಸುತಾತ್ಸು ಒಯಾಮ. ಹುಟ್ಟಿದ್ದು 1923ರಲ್ಲಿ, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ಕೊರಿಯಾದಲ್ಲಿ. ಹದಿಹರೆಯದಲ್ಲೇ ಜಪಾನಿಗೆ ಹೋಗಿ ಕರಾಟೆ ಕಲಿತರು. ಬೆಟ್ಟದಲ್ಲಿ ಒಂಟಿಯಾಗಿದ್ದು ಸಾಧನೆ ಮಾಡಿದರು. 1964ರಲ್ಲಿ 'ಕ್ಯೋಕುಶಿನ್' ಎಂಬ ಪಂಥದ ಸಂಸ್ಥೆ ಕಟ್ಟಿದರು. ಹಾಗೆಂದರೆ ಪರಮ ಸತ್ಯ ಎಂದರ್ಥ. ಕೈಗವಸಿಲ್ಲದೆ ನಿಜವಾಗಿಯೇ ಹೊಡೆದಾಡುವ ಗಟ್ಟಿ ಪಂಥವದು. 1994ರಲ್ಲಿ ಒಯಾಮ ತೀರಿಕೊಂಡರು.

1970ರ ದಶಕದಲ್ಲಿ ಅವರ ಬದುಕು ಮೊದಲು ಚಿತ್ರಕಥೆ ಪುಸ್ತಕವಾಗಿ ಜಪಾನಿನ ಹುಡುಗರ ಕೈ ಸೇರಿತು. ಆಮೇಲೆ ತೋಯೆ ಕಂಪನಿ 1975ರಿಂದ 1977ರೊಳಗೆ ಮೂರು ಸಿನಿಮಾ ಮಾಡಿತು. ಒಯಾಮ ಪಾತ್ರ ಮಾಡಿದ ಸೋನಿ ಚಿಬಾ ಸ್ವತಃ ಒಯಾಮರ ಶಿಷ್ಯ. ಈ ಚಿತ್ರಗಳಲ್ಲಿ ನಾಯಕ ಬರಿಗೈಯಲ್ಲಿ ಹೋರಿಯ ಜತೆ ಸೆಣಸುತ್ತಾನೆ, ಕರಡಿಯ ಜತೆಗೂ ಕಾದುತ್ತಾನೆ. 2004ರಲ್ಲಿ ಕೊರಿಯಾದವರು ತಮ್ಮದೇ ಚಿತ್ರ ತೆಗೆದರು. ಜಪಾನಿನ ಚಿತ್ರಗಳಲ್ಲಿ ಒಯಾಮ ಜಪಾನಿನ ವೀರ. ಕೊರಿಯಾದ ಚಿತ್ರದಲ್ಲಿ ಅವರು ಪರದೇಶದಲ್ಲಿ ಅವಮಾನ ಉಂಡು ಎದ್ದು ನಿಂತ ಕೊರಿಯಾದ ಮಗ. ಮನುಷ್ಯ ಒಬ್ಬನೇ, ಕಥೆ ಎರಡು. ಜೀವನ ಚರಿತ್ರೆಯ ಸಿನಿಮಾ ನೋಡುವಾಗ ಇದನ್ನು ಮರೆಯಬಾರದು. ಅದು ನಡೆದದ್ದನ್ನಷ್ಟೇ ಅಲ್ಲ, ಹೇಳುವವರಿಗೆ ಬೇಕಾದದ್ದನ್ನೂ ಹೇಳುತ್ತದೆ.

ಐವತ್ತಕ್ಕೂ ಹೆಚ್ಚು ಹೋರಿಗಳ ಜತೆ ಸೆಣಸಿದರು, ಕೆಲವನ್ನು ಕೊಂದರು ಎಂಬುದು ಒಯಾಮರ ಸುತ್ತ ಬೆಳೆದ ಕಥೆ. ಜಗತ್ತು ಇದಕ್ಕೆ ಬೆರಗಾಯಿತು. ನಮಗೆ ಬೆರಗಿನ ಜತೆ ಸಂಕಟವೂ ಆಗುತ್ತದೆ. ಕಾರಹುಣ್ಣಿಮೆಗೆ ನಾವು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಪೂಜೆ ಮಾಡುತ್ತೇವೆ. ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನೋಡಲು ಸುತ್ತಲಿನ ಊರುಗಳ ಜನ ಸೇರುತ್ತಾರೆ. ಅಲ್ಲಿ ಶಕ್ತಿ ಎಂದರೆ ಮನುಷ್ಯನ ಜತೆ ದುಡಿಯುವ ಶಕ್ತಿ. ಎತ್ತನ್ನು ಹೊಡೆದು ಕೆಡವುವವನನ್ನು ನಮ್ಮ ಹಿರಿಯರು ವೀರ ಎಂದು ಕರೆಯುತ್ತಿರಲಿಲ್ಲ.

ಕರಾಟೆಗೆ ಇನ್ನೊಂದು ಚರಿತ್ರೆ ಇದೆ. ಅದರಲ್ಲಿ ಹೋರಿ ಇಲ್ಲ, ಸಾಲಿ ಇದೆ.

ಕರಾಟೆ ಬೆಳೆದದ್ದು ಒಕಿನಾವಾ ಎಂಬ ದ್ವೀಪದಲ್ಲಿ. ಅದು ಮೊದಲು ಬೇರೆಯೇ ರಾಜ್ಯವಾಗಿತ್ತು. 1879ರಲ್ಲಿ ಜಪಾನ್ ಅದನ್ನು ತನ್ನ ಜಿಲ್ಲೆಯಾಗಿ ಸೇರಿಸಿಕೊಂಡಿತು. ಅಲ್ಲಿಯವರೆಗೂ ಈ ವಿದ್ಯೆಯನ್ನು ಗುಟ್ಟಾಗಿ, ಆಯ್ದ ಕೆಲವರಿಗೆ ಮಾತ್ರ ಹೇಳಿಕೊಡುತ್ತಿದ್ದರು. ಆ ಗುಟ್ಟು ಬಿಚ್ಚಿದವರು ಇತೋಸು ಅಂಕೋ. 1901ರಲ್ಲಿ ಅವರು ಕರಾಟೆಯನ್ನು ಪ್ರಾಥಮಿಕ ಶಾಲೆಗೆ ತಂದರು. ಮಕ್ಕಳಿಗೆ ಅಪಾಯವಾಗದಂತೆ ಅಭ್ಯಾಸಗಳನ್ನು ತಿದ್ದಿದರು. ಶಾಲೆಗಳಲ್ಲಿ ಇದು ಯಾಕೆ ಬೇಕು ಎಂದು 1908ರಲ್ಲಿ ಸರ್ಕಾರಕ್ಕೆ ಪತ್ರ ಬರೆದರು.

ಅವರ ಶಿಷ್ಯ ಗಿಚಿನ್ ಫುನಾಕೋಶಿ ವೃತ್ತಿಯಲ್ಲಿ ಸಾಲಿ ಮಾಸ್ತರ. ಸುಮಾರು 30 ವರ್ಷ ಮಕ್ಕಳಿಗೆ ಪಾಠ ಹೇಳಿದವರು. 1922ರಲ್ಲಿ, ಐವತ್ತು ದಾಟಿದ ಮೇಲೆ, ಟೋಕಿಯೋದಲ್ಲಿ ಕರಾಟೆ ಪ್ರದರ್ಶನ ಕೊಟ್ಟು ಅಲ್ಲೇ ಉಳಿದರು. ಕೈಯಲ್ಲಿ ಕಾಸಿರಲಿಲ್ಲ. ಒಕಿನಾವಾದ ವಿದ್ಯಾರ್ಥಿಗಳ ಹಾಸ್ಟೆಲ್‌ನಲ್ಲಿ ಕಾವಲು ಕಾಯ್ದರು, ಕಸ ಗುಡಿಸಿದರು, ಅಲ್ಲೇ ಕರಾಟೆ ಕಲಿಸಿದರು. ಕರಾಟೆಯಲ್ಲಿ ಮೊದಲ ಏಟು ನಮ್ಮದಾಗಬಾರದು ಎಂಬುದು ಅವರು ಹಾಕಿಕೊಟ್ಟ ನಿಯಮ. ಒಯಾಮ ಕಲಿತದ್ದೂ ಇವರ ಪರಂಪರೆಯಲ್ಲೇ. ಹೋರಿಯ ಎದುರು ನಿಂತ ವೀರನ ಹಿಂದೆ ಹಾಸ್ಟೆಲ್ ಕಸ ಗುಡಿಸಿದ ಮಾಸ್ತರ ಇದ್ದಾರೆ.

ಈ ಎರಡನೆಯ ಚರಿತ್ರೆಯೇ ದೇವದುರ್ಗ, ಮಾನ್ವಿಯ ಮನೆಗಳಿಗೆ ಹತ್ತಿರದ್ದು. ನಮ್ಮಲ್ಲೂ ಗರಡಿಮನೆಗಳಿದ್ದವು, ಕೆಮ್ಮಣ್ಣಿನ ಅಖಾಡಗಳಿದ್ದವು, ಪಟ್ಟು ಹೇಳಿಕೊಡುವ ವಸ್ತಾದರಿದ್ದರು. ಆದರೆ ಗರಡಿಮನೆಯೊಳಗೆ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಕರಾಟೆ ಹೊರಗಿನಿಂದ ಬಂದದ್ದರಿಂದ ಆ ಹಳೆಯ ಕಟ್ಟುಪಾಡು ಅದಕ್ಕೆ ಅಂಟಲಿಲ್ಲ. ಬಿಳಿ ಬಟ್ಟೆ ತೊಟ್ಟ ಹುಡುಗಿ ಸಾಲಿ ಬಯಲಲ್ಲಿ ನಿಂತು ಗುದ್ದು ಕಲಿತರೆ ಯಾರೂ ತಡೆಯಲಿಲ್ಲ. ವಸ್ತಾದನ ಮಗಳಿಗೂ ಸಿಗದ ಅವಕಾಶ ಕೂಲಿಕಾರನ ಮಗಳಿಗೆ ಸಿಕ್ಕಿತು.

ನಮ್ಮ ನಾಡಿಗೆ ಇದರ ಮಾದರಿಯೂ ಇತ್ತು. ಹೈದರಾಲಿಯ ಸೈನಿಕರನ್ನು ಒನಕೆಯಿಂದ ತಡೆದ ಚಿತ್ರದುರ್ಗದ ಓಬವ್ವ ಯಾವ ಗರಡಿಯಲ್ಲೂ ಕಲಿತವಳಲ್ಲ. ಕೈಗೆ ಸಿಕ್ಕಿದ್ದು ಮನೆಯ ಒನಕೆ. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ಜಯಂತಿ ಆ ಪಾತ್ರ ಮಾಡಿದ ಮೇಲೆ ಓಬವ್ವ ಊರೂರಿಗೂ ಬಂದಳು. 2021ರಿಂದ ನವೆಂಬರ್ 11ರಂದು ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತಿದೆ. ಹಾಸ್ಟೆಲ್ ಹುಡುಗಿಯರ ಆತ್ಮರಕ್ಷಣೆ ತರಬೇತಿಗೂ ಅವಳ ಹೆಸರಿಟ್ಟಿದೆ. ಸಮಗ್ರ ಶಿಕ್ಷಣದಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಿನ ತರಬೇತಿಯೂ ಇದೆ. ಅದರ ಅವಧಿ 3 ತಿಂಗಳು.

ನಮ್ಮ ಚಿಂತೆ ಇರುವುದು ಈ 3 ತಿಂಗಳ ಬಗ್ಗೆ. ಫುನಾಕೋಶಿ ಒಂದು ಅಭ್ಯಾಸವನ್ನೇ ವರ್ಷಗಟ್ಟಲೆ ಮಾಡಿ ಕಲಿತವರು. ಕಪ್ಪು ಬೆಲ್ಟಿಗೆ ಹಲವು ವರ್ಷ ಬೇಕು. 3 ತಿಂಗಳಲ್ಲಿ ಹುಡುಗಿ ಕಲಿಯುವುದು ಗಟ್ಟಿಯಾಗಿ ಕೂಗುವುದು, ಹಿಡಿದ ಕೈ ಬಿಡಿಸಿಕೊಳ್ಳುವುದು, ಎದೆಯೆತ್ತಿ ನಿಲ್ಲುವುದು. ಇದು ಸಣ್ಣದಲ್ಲ. ಆದರೆ ಹತ್ತಿ ಬಿಡಿಸುವ ಸುಗ್ಗಿ ಬಂತೆಂದು, ಇಲ್ಲವೇ ದುಡಿಯಲು ಬೆಂಗಳೂರಿಗೆ ಹೊರಟೆವೆಂದು ಅವಳನ್ನು ಸಾಲಿ ಬಿಡಿಸಿದರೆ ಕಲಿತದ್ದು ಅಲ್ಲಿಗೇ ನಿಲ್ಲುತ್ತದೆ. ಮದುವೆ ಮಾತು ಬಂದಾಗ 'ಇನ್ನೂ ಓದುತ್ತೇನೆ' ಎನ್ನುವ ಬಲ ಒಂದು ಗುದ್ದಿನಿಂದ ಬರುವುದಿಲ್ಲ, ದಿನಾ ಸಾಲಿಗೆ ಹೋಗುವುದರಿಂದ ಬರುತ್ತದೆ. ಇತೋಸು ಕರಾಟೆಯನ್ನು ಸಾಲಿಯೊಳಗೆ ತಂದರು. ನಮ್ಮಲ್ಲಿ ಹುಡುಗಿಯನ್ನು ಸಾಲಿಯೊಳಗೆ ಉಳಿಸಿಕೊಳ್ಳುವುದೇ ಮೊದಲ ಪಟ್ಟು.

ಒಯಾಮರ ಸಿನಿಮಾ ಫೋನಿನಲ್ಲಿ ಸಿಕ್ಕರೆ ನೋಡಿ, ಮಜಾ ಇದೆ. ಮುಗಿದ ಮೇಲೆ ನಿಮ್ಮೂರ ಸಾಲಿಗೊಮ್ಮೆ ಹೋಗಿ, ಹೆಣ್ಣುಮಕ್ಕಳ ಕರಾಟೆ ತರಬೇತಿ ಈ ವರ್ಷ ಶುರುವಾಯಿತೇ, ಕಲಿಸುವವರು ದಿನಾ ಬರುತ್ತಾರೆಯೇ, 3 ತಿಂಗಳಾದ ಮೇಲೆ ಮುಂದೇನು ಎಂದು ಎಸ್‌ಡಿಎಂಸಿ ಸಭೆಯಲ್ಲಿ ಕೇಳಿ.