ಟಿಪ್ಪಣಿಯಿಲ್ಲದ ಗ್ರಂಥ: ಲಂಡನ್ನಿನಿಂದ ಬಳ್ಳಾರಿಗೆ

1540ರ ದಶಕದ ಆರಂಭದಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೀಡ್ರಲ್‌ನೊಳಗೆ ಆರು ಇಂಗ್ಲಿಷ್ ಬೈಬಲ್‌ಗಳನ್ನು ಇರಿಸಲಾಗಿತ್ತು. ಪ್ರತಿ ಪ್ಯಾರಿಷ್ ಚರ್ಚಿನಲ್ಲೂ ಜನರ ಕೈಗೆಟುಕುವ ಕಡೆ ದೊಡ್ಡ ಗಾತ್ರದ ಬೈಬಲ್ ಇಡಬೇಕೆಂದು ಎಂಟನೇ ಹೆನ್ರಿಯ ಸರ್ಕಾರ 1538ರಲ್ಲಿ ಆಜ್ಞೆ ಹೊರಡಿಸಿತ್ತು. ಬಿಷಪ್ ಎಡ್ಮಂಡ್ ಬಾನರ್ ಅದನ್ನು ಪಾಲಿಸಿದ. ಜೊತೆಗೆ ಒಂದು ಎಚ್ಚರಿಕೆಯನ್ನೂ ಹಾಕಿಸಿದ: ಭಕ್ತಿಯಿಂದ ಓದಿ, ಗುಂಪು ಕಟ್ಟಬೇಡಿ, ಪೂಜೆಯ ಹೊತ್ತಿನಲ್ಲಿ ದನಿ ಎತ್ತಬೇಡಿ, ಅರ್ಥ ಬಿಡಿಸಿ ಹೇಳಲು ಹೋಗಬೇಡಿ. ನಮ್ಮ ಗಮಕದ ಮಾತಿನಲ್ಲಿ ಹೇಳುವುದಾದರೆ, ವಾಚನಕ್ಕೆ ಅಡ್ಡಿಯಿಲ್ಲ, ವ್ಯಾಖ್ಯಾನ ಕೂಡದು.

ಜಾನ್ ಪೋರ್ಟರ್ ಎಂಬ ತರುಣನ ದನಿ ಚೆನ್ನಾಗಿತ್ತು. ಅವನು ಓದತೊಡಗಿದರೆ ಕೇಳಲು ಜನ ಸೇರುತ್ತಿದ್ದರು. ಅದೇ ಅವನ ಅಪರಾಧವಾಯಿತು. ನ್ಯೂಗೇಟ್ ಸೆರೆಮನೆಗೆ ತಳ್ಳಿದರು, ಅವನು ಅಲ್ಲಿಯೇ ಸತ್ತ. ಇದನ್ನು ಬರೆದಿಟ್ಟ ಜಾನ್ ಫಾಕ್ಸ್ ಪ್ರಾಟೆಸ್ಟೆಂಟ್ ಪಕ್ಷದವನು, ಬಾನರನ ಬಗ್ಗೆ ಅವನಿಗೆ ಕಿಂಚಿತ್ತೂ ಕನಿಕರವಿರಲಿಲ್ಲ. ಓದುವಾಗ ಇದು ನೆನಪಿರಬೇಕು. ಆದರೆ ಅಧಿಕಾರಸ್ಥರ ಅಂಜಿಕೆ ಏನೆಂಬುದಕ್ಕೆ ಫಾಕ್ಸನ ಸಾಕ್ಷಿಯೇ ಬೇಕಾಗಿಲ್ಲ, ಸಂಸತ್ತಿನ ಶಾಸನವೇ ಇದೆ. 1543ರ ಕಾಯಿದೆ ಸಾಮಾನ್ಯ ಹೆಂಗಸರು, ಕುಶಲಕರ್ಮಿಗಳು, ಅವರ ಕೈಕೆಳಗೆ ಕೆಲಸ ಕಲಿಯುವವರು, ಆಳುಗಳು, ರೈತರು, ಕೂಲಿಯವರು ಇಂಗ್ಲಿಷ್ ಬೈಬಲ್ ಓದಬಾರದೆಂದು ವಿಧಿಸಿತು. ಶ್ರೀಮಂತ ಮನೆತನದ ಹೆಂಗಸರು ತಮ್ಮಷ್ಟಕ್ಕೆ ಓದಿಕೊಳ್ಳಬಹುದಿತ್ತು, ಇನ್ನೊಬ್ಬರಿಗೆ ಓದಿ ಹೇಳುವಂತಿರಲಿಲ್ಲ. ಗ್ಲಾಸ್ಟರ್‌ಷೈರ್‌ನ ಸೇಂಟ್‌ಬರಿ ಗುಡ್ಡದಲ್ಲಿ ಕುರಿ ಕಾಯುತ್ತಿದ್ದ ರಾಬರ್ಟ್ ವಿಲಿಯಮ್ಸ್ 1546ರಲ್ಲಿ ಬೇರೊಂದು ಪುಸ್ತಕ ಕೊಂಡು, ಕುರುಬರು ಹೊಸ ಒಡಂಬಡಿಕೆ ಓದಬಾರದೆಂದು ಆಗಿರುವುದರಿಂದ ಇದನ್ನು ಕೊಂಡೆ, ದೇವರು ಆ ಕುರುಡನ್ನು ನೀಗಲಿ ಎಂಬರ್ಥದ ಮಾತನ್ನು ಅದರ ಮೇಲೆ ಬರೆದುಕೊಂಡ. ಈ ಕಾಲದ ಓದುಗರ ಬಗ್ಗೆ ಪಂಡಿತರು ಬರೆದದ್ದು ರಾಶಿಯಿದೆ. ಓದುಗನೇ ಬರೆದ ಇಂಥ ಎರಡು ಸಾಲು ಅಪರೂಪ. ಮರುವರ್ಷ ಹೆನ್ರಿ ಸತ್ತ, ಆರನೇ ಎಡ್ವರ್ಡನ ಆಳ್ವಿಕೆಯಲ್ಲಿ ಕಾಯಿದೆ ರದ್ದಾಯಿತು.

ಕುರಿ ಕಾಯುವವನು ಓದಿದರೆ ಕೆಡುವುದೇನಿತ್ತು? ಉತ್ತರ ಕೆಲವು ಪದಗಳಲ್ಲಿತ್ತು. ವಿಲಿಯಂ ಟಿಂಡೇಲ್ 1523ರ ಹೊತ್ತಿಗೆ ಲಂಡನ್ನಿಗೆ ಬಂದು, ಅನುವಾದಕ್ಕೆ ಆಶ್ರಯ ಬೇಡಿ ಬಿಷಪ್ ಕತ್‌ಬರ್ಟ್ ಟನ್‌ಸ್ಟಲ್‌ನ ಬಾಗಿಲಿಗೆ ಹೋಗಿದ್ದ. ಅಲ್ಲಿ ಜಾಗ ಸಿಗದೆ ಜರ್ಮನಿಗೆ ಹೋದ, 1526ರಲ್ಲಿ ವರ್ಮ್ಸ್‌ನಲ್ಲಿ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಪ್ರತಿಗಳು ಕಳ್ಳಸಾಗಣೆಯಾಗಿ ಲಂಡನ್ ತಲುಪಿದಾಗ ಸೇಂಟ್ ಪಾಲ್ಸ್ ಅಂಗಳದಲ್ಲಿ ಸುಡಿಸಿದವನು ಅದೇ ಟನ್‌ಸ್ಟಲ್. ಈಗ ತಿಳಿದಿರುವ ಮೂರೇ ಪ್ರತಿಗಳಲ್ಲಿ ಒಂದು ಅದೇ ಸೇಂಟ್ ಪಾಲ್ಸ್ ಗ್ರಂಥಾಲಯದಲ್ಲಿದೆ. ಇನ್ನೊಂದನ್ನು ಬ್ರಿಟಿಷ್ ಲೈಬ್ರರಿ 1994ರಲ್ಲಿ ಹತ್ತು ಲಕ್ಷ ಪೌಂಡಿಗೂ ಹೆಚ್ಚು ಕೊಟ್ಟು ಕೊಂಡಿತು.

ಲಂಡನ್ನಿನ ಮಿಲ್ಕ್ ಸ್ಟ್ರೀಟ್‌ನಲ್ಲಿ ಹುಟ್ಟಿದ ಕಥೋಲಿಕ ಪಂಡಿತ ಥಾಮಸ್ ಮೋರ್ 1529ರಲ್ಲಿ ಟಿಂಡೇಲನ ಮೇಲೆ ಹೊರಿಸಿದ ಆರೋಪ ತುಂಬ ಸೂಕ್ಷ್ಮವಾದದ್ದು. ಗ್ರೀಕಿನ 'ಎಕ್ಲೇಸಿಯ'ವನ್ನು ಟಿಂಡೇಲ್ 'ಚರ್ಚ್' ಎನ್ನದೆ 'ಕಾಂಗ್ರಿಗೇಷನ್' ಎಂದಿದ್ದ. ಪಾದ್ರಿಯಾಗಬೇಕಿದ್ದ 'ಪ್ರೆಸ್ಬಿಟೆರೋಸ್' ಅವನಲ್ಲಿ ಬರೀ ಹಿರಿಯನಾಗಿದ್ದ. 'ಪ್ರಾಯಶ್ಚಿತ್ತ ಮಾಡಿ' ಎಂದು ಓದುತ್ತಿದ್ದಲ್ಲಿ 'ಪಶ್ಚಾತ್ತಾಪ ಪಡಿ' ಎಂದಿತ್ತು. ಮೂರು ಪದ ಬದಲಾದರೆ ಓದುಗನ ಕಣ್ಣಿಂದ ಮೂರು ಸಂಸ್ಥೆಗಳೇ ಮರೆಯಾಗುತ್ತವೆ ಎಂಬುದು ಮೋರ್‌ಗೆ ಚೆನ್ನಾಗಿ ಗೊತ್ತಿತ್ತು. ಅವನ ಬೈಗುಳವನ್ನು ಬದಿಗಿಟ್ಟರೆ, ಅನುವಾದದ ಬಗ್ಗೆ ಅವನ ತಿಳಿವಳಿಕೆ ಸರಿಯಾಗಿಯೇ ಇತ್ತು ಎನ್ನಬೇಕು. ಒಂದನೇ ಜೇಮ್ಸ್ 1604ರಲ್ಲಿ ಹೊಸ ಅನುವಾದ ಮಾಡಿಸಲು ಹೊರಟಾಗ ಅನುವಾದಕರಿಗೆ ಕೊಟ್ಟ ನಿಯಮಗಳಲ್ಲಿ ಒಂದು ಈ ಜಗಳದ ಕುಡಿಯೇ: 'ಚರ್ಚ್' ಎಂಬ ಹಳೆಯ ಪದ ಉಳಿಯಬೇಕು, 'ಕಾಂಗ್ರಿಗೇಷನ್' ಬರಬಾರದು.

ದೇವರ ಸತ್ಯ ಸಾಮಾನ್ಯನಿಗೆ ಗ್ರಂಥದಿಂದಲೇ ತಿಳಿಯುತ್ತದೆಂಬ ಸಿದ್ಧಾಂತ ತನ್ನ ಪ್ರೌಢ ರೂಪ ಪಡೆದದ್ದು 1643ರಿಂದ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಕೂಡಿದ ಧರ್ಮಪಂಡಿತರ ಪರಿಷತ್ತಿನಲ್ಲಿ. ಅವರು 1646ರಲ್ಲಿ ಮುಗಿಸಿದ ವಿಶ್ವಾಸಪ್ರಮಾಣ ಗ್ರಂಥವೆಲ್ಲ ಸುಲಭವೆಂದು ಹೇಳುವುದಿಲ್ಲ. ರಕ್ಷಣೆಗೆ ಅಗತ್ಯವಾದದ್ದು ಎಲ್ಲಾದರೊಂದು ಕಡೆ ಸ್ಪಷ್ಟವಾಗಿದೆ, ತಕ್ಕ ಸಾಧನ ಬಳಸಿದರೆ ಓದಿಲ್ಲದವನಿಗೂ ಅದು ತಿಳಿಯುತ್ತದೆ, ಆದರೆ ಒಳಗಿನಿಂದ ಪವಿತ್ರಾತ್ಮನ ಬೆಳಕೂ ಬೇಕು ಎನ್ನುತ್ತದೆ. ಗ್ರಂಥ ಪ್ರತಿ ಜನಾಂಗದ ಆಡುಮಾತಿಗೆ ಬರಬೇಕೆಂಬ ಮಾತೂ ಅಲ್ಲಿದೆ.

1804ರ ಮಾರ್ಚ್ 7ರಂದು ಬಿಷಪ್ಸ್‌ಗೇಟ್‌ನ ಲಂಡನ್ ಟ್ಯಾವರ್ನ್‌ನಲ್ಲಿ ಹುಟ್ಟಿದ ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ ಈ ವಿಶ್ವಾಸವನ್ನು ಸಂಸ್ಥೆಯ ನಿಯಮವನ್ನಾಗಿಸಿತು: ಟಿಪ್ಪಣಿಯಾಗಲಿ ವ್ಯಾಖ್ಯಾನವಾಗಲಿ ಇಲ್ಲದ ಬೈಬಲನ್ನಷ್ಟೇ ಹಂಚುವುದು. ಬೇರೆ ಬೇರೆ ಪಂಥದವರು ಒಂದೇ ಮೇಜಿನ ಸುತ್ತ ಕೂರಲು ಇದು ಜಾಣ ದಾರಿಯೂ ಆಗಿತ್ತು. ಯಾರ ಟಿಪ್ಪಣಿ ಎಂಬ ಜಗಳವೇ ಇಲ್ಲ! ಬಾನರ್ ವ್ಯಾಖ್ಯಾನ ಬೇಡವೆಂದದ್ದು ಓದುಗನ ಮೇಲಿನ ಅಪನಂಬಿಕೆಯಿಂದ. ಸೊಸೈಟಿ ಅದನ್ನೇ ಹೇಳಿದ್ದು ಅವನ ಮೇಲಿನ ಭರವಸೆಯಿಂದ.

ಈ ದಾರಿಯಲ್ಲೇ ಗ್ರಂಥ ಕನ್ನಡಕ್ಕೆ ಬಂತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿ ಸೇರಿ ಅನುವಾದಕ್ಕೆ ಕೈಹಾಕಿದ. ವಿಲಿಯಂ ರೀವ್ ಅಲ್ಲಿ ಅವನ ಜೊತೆಗೂಡಿದ. ಮುಂದೆ ಮಂಗಳೂರಿನ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಂತಾದವರು ಅದನ್ನು ತಿದ್ದಿದರು. ಅಂಚಿನಲ್ಲಿ ಟಿಪ್ಪಣಿ ಇರಲಿಲ್ಲ ನಿಜ. ಆದರೆ ಯೋಹಾನನ ಸುವಾರ್ತೆಯ ಆರಂಭದ 'ಲೋಗೋಸ್' ಕನ್ನಡದಲ್ಲಿ 'ವಾಕ್ಯ'ವಾದಾಗ, ವ್ಯಾಕರಣದ ಮನೆಯ ಪದವೊಂದು ಕ್ರಿಸ್ತನ ಹೆಸರಾಯಿತು. ಬೇರೆ ಪದ ಆರಿಸಿದ್ದರೆ ಕನ್ನಡ ಭಕ್ತನಿಗೆ ಕಾಣುತ್ತಿದ್ದ ಸತ್ಯದ ಬಣ್ಣವೇ ಬೇರೆಯಾಗುತ್ತಿತ್ತು. ಟಿಪ್ಪಣಿ ಅಂಚಿನಿಂದ ಹೋಗಿ ಪದದೊಳಗೆ ಕೂತಿತ್ತು.

'ಎಕ್ಲೇಸಿಯ'ದ ಪಾಡು ಇನ್ನೂ ಸ್ವಾರಸ್ಯಕರ. ಇಂದಿನ ಕನ್ನಡ ಸತ್ಯವೇದದಲ್ಲಿ ಆ ಪದಕ್ಕೆ 'ಸಭೆ' ಎಂದಿದೆ, 'ಪ್ರೆಸ್ಬಿಟೆರೋಸ್'ಗೆ 'ಹಿರಿಯರು' ಎಂದಿದೆ. ಟಿಂಡೇಲ್ ಆರಿಸಿಕೊಂಡದ್ದೂ, ಮೋರ್ ಖಂಡಿಸಿದ್ದೂ, 1604ರ ನಿಯಮ ತಡೆದದ್ದೂ 'ಸಭೆ' ಎಂಬ ಇದೇ ಅರ್ಥವನ್ನು. ಕನ್ನಡದಲ್ಲಿ ಚರ್ಚು ಎಂದರೆ ಕಟ್ಟಡ, ಸಭೆ ಎಂದರೆ ಕೂಡಿದ ಜನ. ಪ್ರಾಟೆಸ್ಟೆಂಟರ ಪಾದ್ರಿ 'ಸಭಾಪಾಲಕ', ಕಥೋಲಿಕರೂ 'ಧರ್ಮಸಭೆ' ಎಂದೇ ಅನ್ನುತ್ತಾರೆ. ಮೋರ್‌ನ ಪಕ್ಷದವರ ಬಾಯಲ್ಲೂ ಟಿಂಡೇಲನ ಪದವೇ ಬಂದು ಕೂತಿದೆ, ಅದಕ್ಕಾಗಿ ಇಲ್ಲಿ ಯಾರೂ ನ್ಯೂಗೇಟ್ ಕಾಣಬೇಕಾಗಲಿಲ್ಲ.