ಹೀಬ್ರೂ ಧರ್ಮಗ್ರಂಥಗಳಲ್ಲಿ ವಂಶಾವಳಿ

ಹೀಬ್ರೂ ಧರ್ಮಗ್ರಂಥಗಳನ್ನು ಓದತೊಡಗಿದವರು ಸಾಮಾನ್ಯವಾಗಿ ಹಾರಿಸಿಬಿಡುವ ಪುಟಗಳೆಂದರೆ ವಂಶಾವಳಿಗಳು. ಪೂರ್ವಕಾಲವೃತ್ತಾಂತದ ಮೊದಲ ಭಾಗವು ಆದಾಮನಿಂದ ಆರಂಭವಾಗಿ ಒಂಬತ್ತು ಅಧ್ಯಾಯಗಳವರೆಗೆ ಬಹುಮಟ್ಟಿಗೆ ಹೆಸರುಗಳನ್ನೇ ಹೇಳುತ್ತದೆ. ಯಹೂದಿಗಳು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಸ್ಕೋಕಿಯಲ್ಲಿ ವಾಸಿಸುವ ನನಗೆ ಈ ಪಟ್ಟಿಗಳು ಉತ್ತರ ಕರ್ನಾಟಕದ ಹೆಳವರನ್ನು ನೆನಪಿಸುತ್ತವೆ. ಎತ್ತಿನ ಮೇಲೆ ಕುಳಿತು ಊರೂರಿಗೆ ಬರುತ್ತಿದ್ದ ಹೆಳವರು ಒಕ್ಕಲು ಮನೆತನಗಳ ಪೀಳಿಗೆಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸಧಾನ್ಯ ಪಡೆದು ಮುಂದಕ್ಕೆ ಹೋಗುತ್ತಿದ್ದರು. ಮನೆತನದ ಮೂಲ ಯಾವುದು, ಯಾರಿಗೆ ಯಾರು ದಾಯಾದಿ ಎಂಬುದೆಲ್ಲ ಅವರ ಬಾಯಲ್ಲಿತ್ತು. ಹೀಬ್ರೂ ವಂಶಾವಳಿಗಳನ್ನು ಸಹ ಹಕ್ಕುಪತ್ರಗಳೆಂದು ಓದಿದಾಗಲೇ ಅವುಗಳ ತೂಕ ತಿಳಿಯುತ್ತದೆ.

ಆದಿಕಾಂಡದಲ್ಲಿ ಇವಕ್ಕೆ ‘ತೋಲೆದೋತ್’ ಎಂಬ ಹೆಸರಿದೆ. ಹೆರು ಎಂಬರ್ಥದ ಧಾತುವಿನಿಂದ ಬಂದ ಪದವಿದು. ಮೆತೂಷೆಲಹನ 969 ವರ್ಷಗಳ ಆಯುಸ್ಸನ್ನು ಕುರಿತು ನಡೆದಿರುವ ಚರ್ಚೆ ಅಪಾರ. ನನಗೆ ಅದಕ್ಕಿಂತ ಎಜ್ರನ ಗ್ರಂಥದ ಎರಡನೆಯ ಅಧ್ಯಾಯ ಮುಖ್ಯವಾಗಿ ಕಾಣುತ್ತದೆ. ಬಾಬಿಲೋನಿನ ಸೆರೆಯಿಂದ ಜೆರೂಸಲೇಮಿಗೆ ಹಿಂದಿರುಗಿದವರ ಪಟ್ಟಿ ಅಲ್ಲಿದೆ. ಯಾಜಕರೆಂದು ಹೇಳಿಕೊಂಡ ಮೂರು ಮನೆತನಗಳವರು ತಮ್ಮ ವಂಶದ ದಾಖಲೆಯನ್ನು ಹುಡುಕಿದರು, ಸಿಗಲಿಲ್ಲ. ಆ ಮೂರರಲ್ಲೊಂದರ ಹಿರಿಯನು ಬರ್ಜಿಲ್ಲೈ ಎಂಬವನ ಮನೆತನದ ಹೆಣ್ಣನ್ನು ಮದುವೆಯಾಗಿ ಆ ಮನೆತನದ ಹೆಸರನ್ನೇ ಇಟ್ಟುಕೊಂಡಿದ್ದನು. (ಮನೆಅಳಿಯನ ಸಂತತಿಗೆ ಒದಗುವ ಪೇಚು ನಮ್ಮವರಿಗೂ ಹೊಸದಲ್ಲ.) ಊರೀಮ್ ತುಮ್ಮೀಮ್‌ಗಳ ಮೂಲಕ ದೈವನಿರ್ಣಯ ಕೇಳಬಲ್ಲ ಯಾಜಕನು ಬರುವವರೆಗೆ ಅವರು ಪರಮಪವಿತ್ರವಾದ ನೈವೇದ್ಯವನ್ನು ಉಣ್ಣಕೂಡದೆಂದು ಅಧಿಪತಿ ವಿಧಿಸಿದನು. ಯಾಜಕರಿಗೆ ನೆಲದಲ್ಲಿ ಪಾಲಿರಲಿಲ್ಲ. ಹೆಸರು ಹೋದರೆ ಅನ್ನವೂ ಹೋದಂತೆಯೇ.

ನೆಲವಿದ್ದವರ ಪಾಡು ಅರಣ್ಯಕಾಂಡದಲ್ಲಿದೆ. ಗಂಡುಮಕ್ಕಳಿಲ್ಲದೆ ಸತ್ತ ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ ನಿಂತು, ತಂದೆಯ ಹೆಸರು ಕುಲದಿಂದ ಅಳಿಯಬಾರದೆಂದು ವಾದಿಸಿ ಪಾಲು ಪಡೆದರು. ಮುಂದೆ, ನೆಲ ಕೈಬಿಡದಂತೆ ಅವರು ಸ್ವಕುಲದಲ್ಲೇ ಮದುವೆಯಾಗಬೇಕೆಂಬ ಕಟ್ಟು ಬಂದಿತು. ಇನ್ನು ರೂತಳ ಗ್ರಂಥ ಪೆರೆಚನಿಂದ ದಾವೀದನವರೆಗಿನ ಹತ್ತು ಗಂಡಸರ ಹೆಸರಿನೊಡನೆ ಮುಗಿಯುತ್ತದೆ. ಮೋವಾಬ್ಯರನ್ನು ಸಭೆಗೆ ಸೇರಿಸಬಾರದೆಂಬ ಕಟ್ಟಳೆಯಿದ್ದರೂ, ಮೋವಾಬಿನ ವಿಧವೆಯೊಬ್ಬಳು ಆ ದಾವೀದನ ಮುತ್ತಜ್ಜಿಯೆಂಬುದನ್ನು ಪಟ್ಟಿಗೆ ಮುಂಚಿನ ಕಥೆ ಮರೆಯದೆ ಹೇಳುತ್ತದೆ.

ಎರಡನೆಯ ಮಹಾಯುದ್ಧದ ನಂತರ ನಾಜಿ ಹತ್ಯಾಕಾಂಡದಿಂದ ಉಳಿದುಬಂದ ಸಾವಿರಾರು ಮಂದಿ ಸ್ಕೋಕಿಯಲ್ಲಿ ನೆಲೆಸಿದರು. ಇಲಿನಾಯ್ ಹಾಲೊಕಾಸ್ಟ್ ಮ್ಯೂಸಿಯಂ 2009ರಲ್ಲಿ ಇಲ್ಲಿಯೇ ತೆರೆಯಿತು. ಪೂರ್ವ ಯೂರೋಪಿನ ಯಹೂದಿಗಳಲ್ಲಿ ತೀರಿಕೊಂಡ ಹಿರಿಯರ ಹೆಸರನ್ನು ಮಗುವಿಗಿಡುವ ರೂಢಿಯಿದೆ, ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಬರುವಂತೆ. ಆದರೆ ಇಡೀ ಮನೆತನವೇ ಅಳಿದಾಗ ಹೆಸರಿಡುವವರಾರು? ಯೆಶಾಯನ ಗ್ರಂಥದ 56ನೆಯ ಅಧ್ಯಾಯವು ಸಂತಾನವಿಲ್ಲದ ನಪುಂಸಕರಿಗೆ ಮಕ್ಕಳಿಗಿಂತ ಮಿಗಿಲಾದ ಸ್ಮಾರಕವನ್ನೂ ಹೆಸರನ್ನೂ ವಾಗ್ದಾನ ಮಾಡುತ್ತದೆ. ಅಲ್ಲಿನ ‘ಯಾದ್ ವಾಶೇಮ್’ ಎಂಬ ಪದಗಳೇ 1953ರಲ್ಲಿ ಕಾನೂನಿನ ಮೂಲಕ ಸ್ಥಾಪಿತವಾದ ಜೆರೂಸಲೇಮಿನ ಸ್ಮಾರಕಸಂಸ್ಥೆಯ ಹೆಸರು. ಹತರಾದ ಒಬ್ಬೊಬ್ಬರಿಗೂ ಒಂದೊಂದು ಹಾಳೆಯಂತೆ ಬಂಧುಗಳಿಂದಲೂ ಪರಿಚಿತರಿಂದಲೂ ಅದು ವಿವರ ಸಂಗ್ರಹಿಸುತ್ತ ಬಂದಿದೆ. ತಂದೆಯ ಹೆಸರು, ತಾಯಿಯ ಹೆಸರು, ಹುಟ್ಟಿದ ಊರು ಇವೆಲ್ಲಕ್ಕೂ ಆ ಹಾಳೆಯಲ್ಲಿ ಸ್ಥಳವಿದೆ.